ಸರ್ವರ್ ನಿಂತರೆ ಸಂಘದ ಲೆಕ್ಕ ಎಲ್ಲಿ ಹೋಯಿತು?

ಅಡಿಕೆ ತೂಗಿಸಿ ಹಣಕ್ಕೆಂದು ಬಂದು ನಿಂತ ಸದಸ್ಯರಿಗೆ ‘ಸರ್ವರ್ ಡೌನ್’ ಎಂಬ ಉತ್ತರ ಈಗ ಹೊಸದಲ್ಲ. ಪಹಣಿಗೆ ಹೋದವರೂ ಪಡಿತರಕ್ಕೆ ನಿಂತವರೂ ಇದನ್ನೇ ಕೇಳಿರುತ್ತಾರೆ. ಆದರೆ ಸಂಘದ ಸ್ವಂತ ಸರ್ವರ್ ನಿಂತರೆ ಸಂಗತಿ ಬೇರೆ. ನಮ್ಮ ದಾಸ್ತಾನು, ಮುಂಗಡ, ಸಾಲದ ಬಾಕಿ ಎಲ್ಲವೂ ಆ ಒಂದು ಪೆಟ್ಟಿಗೆಯೊಳಗಿರುತ್ತವೆ. ಆದ್ದರಿಂದ ಇದು ಗುಮಾಸ್ತರಿಗಷ್ಟೇ ಬಿಡತಕ್ಕ ವಿಷಯವಲ್ಲ.

ಸರ್ವರ್‌ನಲ್ಲಿ ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಬೇರೆ, ನಮ್ಮ ಲೆಕ್ಕದ ಕಡತಗಳು ಬೇರೆ. ಮೊದಲನೆಯದು ಕುಸಿದರೆ ಎರಡನೆಯದು ಕಾಣದಾಗುತ್ತದೆ, ಅಳಿಸಿಹೋಗಿರಬೇಕೆಂದೇನೂ ಇಲ್ಲ. ಗೋದಾಮಿನ ಬೀಗ ಕೆಟ್ಟರೆ ಒಳಗಿನ ಅಡಿಕೆ ಹೋಗಲಿಲ್ಲವಷ್ಟೆ. ಬೀಗ ರಿಪೇರಿಗೆ ಬಂದವನು ಗೋದಾಮನ್ನೇ ಕೆಡವಿದರೆ ಮಾತ್ರ ನಷ್ಟ.

2024ರ ಜುಲೈ 19ರಂದು ನಡೆದುದನ್ನು ನೋಡೋಣ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿ ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆಯಬೇಕಾಯಿತು. ಕಂಪನಿ 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡಿತು. ಆದರೂ ಕೆಲಸ ಮುಗಿಯಲಿಲ್ಲ. ಏಳಲಾರದ ಯಂತ್ರಕ್ಕೆ ಔಷಧ ಕಳುಹಿಸುವುದು ಹೇಗೆ? ಬಹುಪಾಲು ಕಡೆ ತಂತ್ರಜ್ಞರು ಒಂದೊಂದೇ ಯಂತ್ರದ ಮುಂದೆ ಕುಳಿತು ‘ಸೇಫ್ ಮೋಡ್’ನಲ್ಲಿ ತೆರೆದು ಆ ಒಂದು ಕಡತವನ್ನು ತೆಗೆಯಬೇಕಾಯಿತು. ಡಿಸ್ಕಿಗೆ ಗುಪ್ತ ಬೀಗ ಹಾಕಿದ್ದವರಿಗೆ ಉದ್ದನೆಯ ಸಂಖ್ಯೆಯ ಕೀಲಿಯೂ ಬೇಕಾಯಿತು. ಆ ಕೀಲಿಯ ಪಟ್ಟಿ ನಿಂತ ಸರ್ವರಿನೊಳಗೇ ಇದ್ದರೆ ಗತಿಯೇನು! ಅದನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡುವುದು ಲೇಸು.

ಸರ್ವರ್ ಕಾಣದಿದ್ದಾಗ ಮೊದಲು ಬೇರೆ ಮೇಜಿನ ಕಂಪ್ಯೂಟರಿನಲ್ಲಿ ಕಾಣುತ್ತದೆಯೇ ನೋಡಬೇಕು. ಅಲ್ಲಿ ಕಂಡರೆ ದೋಷ ತಂತಿಯಲ್ಲೋ ಆ ಒಂದು ಕಂಪ್ಯೂಟರಿನಲ್ಲೋ ಇರಬಹುದು. ಸರ್ವರ್ ಪರದೆಯಲ್ಲೇ ಸಂದೇಶವಿದ್ದರೆ ಅದನ್ನು ಅಳಿಯುವ ಮುನ್ನ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಹಿಂದಿನ ದಿನ ಹೊಸದಾಗಿ ಏನು ಹಾಕಲಾಯಿತು, ಕರೆಂಟು ಹೋಗಿತ್ತೇ ಎಂದು ಬರೆದಿಡಿ. ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಚಾಲೂ ಮಾಡಕೂಡದು. ಮುಖ್ಯವಾಗಿ, ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡುತ್ತೇನೆ’ ಎನ್ನುವವರನ್ನು ತಡೆದು, ಲೆಕ್ಕದ ಕಡತಗಳನ್ನು ಮೊದಲು ಬೇರೆ ಡಿಸ್ಕಿಗೆ ತೆಗೆಸಿಕೊಳ್ಳಬೇಕು.

ಊರಿಗೊಂದು ಶತ್ರು. ಮಲೆನಾಡಿನ ತೋಟದ ಸೀಮೆಯಲ್ಲಿ ಸಿಡಿಲು ಮತ್ತು ತೇವ. ಬಳ್ಳಾರಿ ನಗರ, ಕುರುಗೋಡು ಕಡೆ 40 ಡಿಗ್ರಿ ದಾಟುವ ಬೇಸಿಗೆ. ಭತ್ತದ ಗಿರಣಿಗಳಿರುವ ಸಿರುಗುಪ್ಪದಲ್ಲಿ ಅದರೊಡನೆ ಧೂಳು. ಫ್ಯಾನಿಗೆ ಧೂಳು ಕಟ್ಟಿದ ಯಂತ್ರ ಕಾದು ತಾನೇ ನಿಲ್ಲುತ್ತದೆ. ಅಂಥಲ್ಲಿ ಪೊರಕೆ, ಯುಪಿಎಸ್, ಗಾಳಿಯಾಡುವ ಕೋಣೆ ಇಷ್ಟೇ ಅರ್ಧ ಚಿಕಿತ್ಸೆ.

ಎರಡು ಡಿಸ್ಕಿನಲ್ಲಿ ಏಕಕಾಲಕ್ಕೆ ಬರೆಯುವ ವ್ಯವಸ್ಥೆಯಿದೆ, ಬ್ಯಾಕಪ್ ಬೇಡ ಎನ್ನುವವರುಂಟು. ತಪ್ಪಾಗಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಪ್ರತಿದಿನದ ಪ್ರತಿಯೊಂದು ಬೇರೆಡೆ, ತಂತಿ ಕಳಚಿಟ್ಟು ಇರಬೇಕು. ಈ ಸಲದ ಮಹಾಸಭೆಯಲ್ಲಿ ಸದಸ್ಯರು ಕಾರ್ಯದರ್ಶಿಗಳನ್ನು ಕೇಳಬಹುದು: ಆ ಪ್ರತಿಯಿಂದ ಲೆಕ್ಕವನ್ನು ಮರಳಿ ತೆರೆದು ನೋಡಿದ್ದು ಯಾವ ತಾರೀಖಿನಂದು? ಸರ್ವರ್ ನಿಂತ ದಿನಕ್ಕೆಂದು ಕ್ರಮಸಂಖ್ಯೆಯುಳ್ಳ ರಸೀದಿ ಪುಸ್ತಕ ಕಪಾಟಿನಲ್ಲಿದೆಯೇ?