ನಾಯಿ ಕಚ್ಚಿದರೆ ಲಸಿಕೆಯೊಂದೇ ಸಾಕೇ? ಗಾಯಕ್ಕೆ ಕೊಡುವ ಪ್ರತಿಕಾಯ ಚುಚ್ಚುಮದ್ದು ಏಕೆ ಬೇಕು?

ಹೈದರಾಬಾದ್: ನಾಯಿ ಕಚ್ಚಿದ ಕೂಡಲೇ ಲಸಿಕೆ ಹಾಕಿಸಿಕೊಂಡರೆ ಅಪಾಯ ತಪ್ಪಿತು ಎಂದು ಹಲವರು ಭಾವಿಸುತ್ತಾರೆ. ಆದರೆ ಹಲ್ಲು ನಾಟಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ರೇಬೀಸ್ ವೈರಸ್ ಮಿದುಳು ತಲುಪುವ ಮುನ್ನ ಅದನ್ನು ತಡೆಯಲು ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ 36ರಷ್ಟು ಭಾರತದಲ್ಲೇ ಸಂಭವಿಸುತ್ತವೆ.

ಲಸಿಕೆಗೂ ಪ್ರತಿಕಾಯಕ್ಕೂ ಏನು ವ್ಯತ್ಯಾಸ?

ಲಸಿಕೆ ಪಡೆದ ಬಳಿಕ ದೇಹವೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಬೇಕು. ಅದಕ್ಕೆ 7ರಿಂದ 14 ದಿನ ಹಿಡಿಯುತ್ತದೆ. ಈ ಅವಧಿಯಲ್ಲಿ ವೈರಸ್ ನರದೊಳಗೆ ಸೇರಿ ಮಿದುಳಿನತ್ತ ಸಾಗಬಹುದು. ಗಾಯದ ಒಳಗೆ ಮತ್ತು ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಅಲ್ಲಿಯೇ ವೈರಸ್‌ ಅನ್ನು ನಿಷ್ಕ್ರಿಯಗೊಳಿಸುತ್ತದೆ. ರೋಗಿಯ ತೂಕ ನೋಡಿ ಪ್ರಮಾಣ ನಿರ್ಧರಿಸಲಾಗುತ್ತದೆ.

ಎಲ್ಲಿ ತಯಾರಾಗುತ್ತದೆ?

ರೇಬೀಸ್ ಲಸಿಕೆ ‘ಅಭಯ್‌ರಾಬ್’ ತಯಾರಿಸುವ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಇರುವುದು ಹೈದರಾಬಾದ್‌ನಲ್ಲಿ. ಕುದುರೆಯ ರಕ್ತದಿಂದ ಪ್ರತಿಕಾಯ ತಯಾರಿಸುವ ವಿನ್ಸ್ ಬಯೋಪ್ರಾಡಕ್ಟ್ಸ್ ಕೂಡ ಇದೇ ನಗರದ್ದು. ಪ್ರಯೋಗಾಲಯದಲ್ಲಿ ರೂಪಿಸಿದ ಮೊನೊಕ್ಲೋನಲ್ ಪ್ರತಿಕಾಯವನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ‘ರೇಬಿಶೀಲ್ಡ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದೆ. ಇದಕ್ಕೆ ಕುದುರೆಯ ಅಥವಾ ಮನುಷ್ಯರ ರಕ್ತ ಬೇಕಿಲ್ಲ.

ರೋಗಲಕ್ಷಣ ಕಂಡ ಮೇಲೆ ಏಕೆ ಫಲಿಸದು?

ರಕ್ತದಿಂದ ಮಿದುಳಿಗೆ ಬೇಡದ ವಸ್ತುಗಳು ನುಗ್ಗದಂತೆ ದೇಹದಲ್ಲಿ ತಡೆಗೋಡೆಯೊಂದಿದೆ. ಅದು ಪ್ರತಿಕಾಯಗಳನ್ನೂ ಬಹುತೇಕ ತಡೆಯುತ್ತದೆ. ಒಳಹೋಗುವುದು ಸಾವಿರಕ್ಕೆ ಒಂದರಷ್ಟು ಮಾತ್ರ. ಹಾಗಾಗಿ ನೀರು ಕಂಡರೆ ಭಯ, ಗಂಟಲು ಬಿಗಿತ ಶುರುವಾದ ಮೇಲೆ ಸಾವು ಬಹುತೇಕ ಖಚಿತ. ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್ ವಿಜ್ಞಾನಿಗಳು ಪ್ರತಿಕಾಯಗಳನ್ನು ನೇರವಾಗಿ ಮಿದುಳಿಗೆ ಹರಿಸಿ, ಲಕ್ಷಣ ಕಾಣಿಸಿಕೊಂಡಿದ್ದ ಕೆಲವು ಇಲಿಗಳನ್ನು ಉಳಿಸಿದ್ದಾಗಿ 2020ರಲ್ಲಿ ವರದಿ ಮಾಡಿದ್ದಾರೆ. ಆದರೆ ಇದು ಇನ್ನೂ ಮನುಷ್ಯರ ಚಿಕಿತ್ಸೆಯಾಗಿಲ್ಲ.

ಕಚ್ಚಿದರೆ ಏನು ಮಾಡಬೇಕು?

* ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ.
* ಅದೇ ದಿನ ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಡೋಸ್ ಲಸಿಕೆ ಪಡೆಯಿರಿ. ಬೀದರ್, ಕಲಬುರಗಿ, ರಾಯಚೂರು ಕಡೆಯವರು ಹೈದರಾಬಾದ್‌ಗೆ ಹೋಗಿ ತೋರಿಸೋಣವೆಂದು ತಡ ಮಾಡಬೇಡಿ.
* ರಕ್ತ ಬಂದಿದ್ದರೆ ಪ್ರತಿಕಾಯ ಚುಚ್ಚುಮದ್ದು ಇದೆಯೇ ಎಂದು ಕೇಳಿ. ಅಲ್ಲಿ ಇಲ್ಲದಿದ್ದರೆ ಮೊದಲ ಡೋಸ್ ಲಸಿಕೆಯ 7 ದಿನಗಳೊಳಗೆ ಬೇರೆಡೆ ಪಡೆಯಬಹುದು. ಆದರೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು.
* ಹಿಂದೆ ರೇಬೀಸ್ ಲಸಿಕೆಯ ಪೂರ್ಣ ಕೋರ್ಸ್ ಮುಗಿಸಿದ್ದರೆ ವೈದ್ಯರಿಗೆ ತಿಳಿಸಿ. ಅಂಥವರಿಗೆ ಸಾಮಾನ್ಯವಾಗಿ ಪ್ರತಿಕಾಯ ಬೇಕಾಗುವುದಿಲ್ಲ.
* ಗಾಯ ಮಾಯ್ದರೂ ಲಸಿಕೆಯ ಉಳಿದ ಡೋಸ್‌ಗಳನ್ನು ತಪ್ಪಿಸಬೇಡಿ.