ದೇಹಪ್ರಕೃತಿಯೂ ತ್ವಕ್ಕೇಶಚಿಕಿತ್ಸೆಯೂ

ಚರ್ಮ ಮತ್ತು ಕೂದಲಿನ ವ್ಯಾಧಿಗಳಿಗೆ ಅವರವರ ದೇಹಪ್ರಕೃತಿಯನ್ನು ನೋಡಿ ಬೇರೆಬೇರೆ ಚಿಕಿತ್ಸೆಯನ್ನು ಮಾಡಬೇಕೆಂಬ ಮಾತು ಈಚೆಗೆ ಬೆಂಗಳೂರಿನ ಉತ್ತರಭಾಗದಲ್ಲಿ, ಯಲಹಂಕ, ಹೆಬ್ಬಾಳ, ಯಶವಂತಪುರ ಮೊದಲಾದ ಕಡೆಗಳಲ್ಲಿ, ಹೆಚ್ಚಾಗಿ ಕೇಳಿಬರುತ್ತಿದೆ. ಮಾತು ಹೊಸದಲ್ಲ. ಆದರೆ ವಾತ, ಪಿತ್ತ, ಕಫಗಳೆಂಬ ಮೂರು ಹೆಸರುಗಳಲ್ಲಿ ಒಂದನ್ನು ರೋಗಿಗೆ ಇಟ್ಟು, ಆ ಹೆಸರಿಗೆ ತಕ್ಕ ತೈಲವನ್ನು ಕೊಡುವುದೇ ಅದರ ಅರ್ಥವೆಂದು ಜನರು ತಿಳಿಯುವುದುಂಟು. ಮೂಲಗ್ರಂಥಗಳ ಅಭಿಪ್ರಾಯವು ಇದಕ್ಕಿಂತ ವಿಶಾಲವಾದುದು. ಅದನ್ನು ನಿರ್ಣಯಿಸುವುದು ವೈದ್ಯರಿಗೆ ಮಾತ್ರ ಸೇರಿದ ಕಾರ್ಯವೂ ಅಲ್ಲ; ಪ್ರಕೃತಿ, ಕುಷ್ಠ, ಬ್ರಾಹ್ಮಿ ಮೊದಲಾದ ಶಬ್ದಗಳ ಅರ್ಥವನ್ನು ಶೋಧಿಸುವ ಭಾಷಾವಿದ್ವಾಂಸರಿಗೂ ಅದರಲ್ಲಿ ಪಾಲುಂಟು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಪಿತ್ತಪ್ರಕೃತಿಯವರ ಲಕ್ಷಣಗಳನ್ನು ಹೇಳುವಾಗ, ಅವರಿಗೆ ಸುಕ್ಕು, ನರೆ, ಬೋಳುತಲೆಗಳು ಬೇಗನೆ ಬರುವುವೆಂದೂ, ಕೂದಲು ಮೃದುವಾಗಿಯೂ ವಿರಳವಾಗಿಯೂ ಕಪಿಲವರ್ಣವಾಗಿಯೂ ಇರುವುದೆಂದೂ ಹೇಳಿದೆ. ಇಷ್ಟನ್ನೇ ಓದಿದವರಿಗೆ ಪ್ರಕೃತಿಯೇ ಸರ್ವವೂ ಎಂದು ತೋರಬಹುದು. ಆದರೆ ಅದೇ ಅಧ್ಯಾಯವು ರೋಗಿಯಲ್ಲಿ ಪರೀಕ್ಷಿಸಬೇಕಾದ ಹತ್ತು ವಿಷಯಗಳನ್ನು ಎಣಿಸುತ್ತದೆ: ಪ್ರಕೃತಿ, ವಿಕೃತಿ, ಸಾರ, ಸಂಹನನ, ಪ್ರಮಾಣ, ಸಾತ್ಮ್ಯ, ಸತ್ತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು. ಹುಟ್ಟಿನಿಂದ ಬಂದ ಪ್ರಕೃತಿಯು ಈ ಹತ್ತರಲ್ಲಿ ಒಂದು ಮಾತ್ರ. ಈಗ ಒದಗಿರುವ ವಿಕೃತಿಯು ಬೇರೆ. ಅಭ್ಯಾಸದಿಂದ ದೇಹಕ್ಕೆ ಒಗ್ಗಿದ ಸಾತ್ಮ್ಯವು ಬೇರೆ. ಅನ್ನವನ್ನು ಜೀರ್ಣಿಸಿಕೊಳ್ಳುವ ಶಕ್ತಿಯು ಬೇರೆ.

ಈ ಭೇದದ ಪ್ರಯೋಜನವು ಕೇಶರೋಗಗಳಲ್ಲಿ ಚೆನ್ನಾಗಿ ವ್ಯಕ್ತವಾಗುವುದು. ಸುಶ್ರುತನ ಮತದಲ್ಲಿ ಇಂದ್ರಲುಪ್ತವು ಎರಡು ಹಂತಗಳಲ್ಲಿ ಉಂಟಾಗುತ್ತದೆ. ವಾತದೊಡನೆ ಕೂಡಿದ ಪಿತ್ತವು ರೋಮಕೂಪವನ್ನು ಸೇರಿ ಕೂದಲನ್ನು ಉದುರಿಸುವುದು ಮೊದಲನೆಯದು; ರಕ್ತದೊಡನೆ ಕೂಡಿದ ಕಫವು ಆ ಕೂಪವನ್ನು ಮುಚ್ಚಿ ಹೊಸಕೂದಲು ಹುಟ್ಟದಂತೆ ಮಾಡುವುದು ಎರಡನೆಯದು. ಇಲ್ಲಿ ಮೂರು ದೋಷಗಳೂ ರಕ್ತವೂ ಸೇರಿವೆ. ರೋಗಿಯ ಪ್ರಕೃತಿ ಇಂತಹದೆಂದು ತಿಳಿದಮಾತ್ರದಿಂದ ರೋಗವು ಯಾವ ಹಂತದಲ್ಲಿದೆಯೆಂಬುದು ತಿಳಿಯುವುದಿಲ್ಲ. ಪ್ರಸವವಾದ ಮೇಲೆ, ತೀವ್ರಜ್ವರದ ಅನಂತರ, ರಕ್ತದಲ್ಲಿ ಕಬ್ಬಿಣದ ಅಂಶವು ಕಡಮೆಯಾದಾಗ, ಥೈರಾಯಿಡ್ ಗ್ರಂಥಿಯ ಕ್ರಿಯೆ ಕೆಟ್ಟಾಗ ಕೂದಲು ಉದುರುವುದೆಂದು ಈಗಿನ ವೈದ್ಯವು ಕಂಡುಕೊಂಡಿದೆ. ಕೂದಲುದುರುವ ಹೆಂಗಸಿಗೆ ರಕ್ತಪರೀಕ್ಷೆಯನ್ನು ಮಾಡಿಸದೆ ಪಿತ್ತದ ಹೆಸರಿನಲ್ಲಿ ತೈಲವೊಂದನ್ನೇ ಕೊಟ್ಟು ಕಳುಹಿಸಿದರೆ, ವಿಕೃತಿಯನ್ನು ಪರೀಕ್ಷಿಸೆಂಬ ಪ್ರಾಚೀನರ ಮಾತನ್ನೇ ಮೀರಿದಂತಾಗುವುದು.

ಚರ್ಮವ್ಯಾಧಿಗಳ ವಿಷಯದಲ್ಲಿ ಶಬ್ದವೇ ತೊಡಕಾಗಿದೆ. ಸಂಹಿತೆಗಳಲ್ಲಿ ಕುಷ್ಠವೆಂಬುದು ಹದಿನೆಂಟು ಬಗೆಯ ಚರ್ಮರೋಗಗಳಿಗೆ ಸಾಮಾನ್ಯನಾಮ. ಅವುಗಳಲ್ಲಿ ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು. ಸಿಧ್ಮವನ್ನು ಚರಕನು ಮಹಾಕುಷ್ಠವೆಂದರೆ ಸುಶ್ರುತನು ಕ್ಷುದ್ರವೆನ್ನುತ್ತಾನೆ. ದದ್ರುವಿನಲ್ಲಿ ಇದು ತಿರುಗುಮುರುಗಾಗಿದೆ. ಚಿಬ್ಬು, ಗಜಕರ್ಣ, ಕಜ್ಜಿ, ಇಸುಬು ಎಂದು ಕನ್ನಡದಲ್ಲಿ ಬೇರೆಬೇರೆಯಾಗಿ ಹೆಸರಿಸುವ ಬೇನೆಗಳು ಬಹುಮಟ್ಟಿಗೆ ಈ ಗುಂಪಿನವೇ. ೧೮೭೩ರಲ್ಲಿ ನಾರ್ವೆಯ ಹಾನ್‌ಸೆನ್ನನು ಕಂಡುಹಿಡಿದ ಕ್ರಿಮಿಯಿಂದ ಬರುವ ಒಂದೇ ರೋಗಕ್ಕೆ ಇಂದು ಈ ಹೆಸರು ಅಂಟಿಕೊಂಡಿದೆ. ಇದರಿಂದ, ಹಳೆಯ ಗ್ರಂಥದಲ್ಲಿ 'ಕುಷ್ಠಹರ'ವೆಂದಿರುವ ಔಷಧವು ಆ ರೋಗವನ್ನು ಕಳೆಯುವುದೆಂಬ ಭ್ರಾಂತಿಯೂ, ಸಾಮಾನ್ಯವಾದ ಇಸುಬಿನವನನ್ನು ಕಂಡು ಹೆದರುವ ದುರಭ್ಯಾಸವೂ ಬೆಳೆದುವು. ಕುಷ್ಠರೋಗವು ವಿವಾಹವಿಚ್ಛೇದನಕ್ಕೆ ಕಾರಣವೆಂಬ ವಿಧಿಯನ್ನು ಭಾರತದ ಶಾಸನದಿಂದ ತೆಗೆದುಹಾಕಿದುದು ೨೦೧೯ರಲ್ಲಿ ಎಂಬುದನ್ನು ನೆನೆದರೆ, ಒಂದು ಶಬ್ದದ ಭಾರವೆಷ್ಟೆಂಬುದು ತಿಳಿಯುವುದು.

ತೊನ್ನು, ಎಂದರೆ ಶ್ವಿತ್ರ, ಈ ಹದಿನೆಂಟರಲ್ಲಿ ಸೇರಿದುದಲ್ಲ. ಚರಕನು ಅದನ್ನು ಕುಷ್ಠಚಿಕಿತ್ಸೆಯ ಕೊನೆಯಲ್ಲಿ ಬೇರೆಯಾಗಿ ಹೇಳುತ್ತಾನೆ. ಔಷಧವನ್ನು ಕುಡಿಸಿ, ಮೈಗೆ ಎಣ್ಣೆ ಹಚ್ಚಿ, ರೋಗಿಯು ತನ್ನ ಬಲಕ್ಕೆ ತಕ್ಕಷ್ಟು ಹೊತ್ತು ಬಿಸಿಲಿನಲ್ಲಿರಬೇಕೆಂದು ಅಲ್ಲಿ ವಿಧಿಸಿದೆ. ತೊನ್ನಿಗೆ ಪ್ರಸಿದ್ಧವಾದ ಬಾವಂಚಿಯ ಬೀಜದಲ್ಲಿ ಸೋರಲೆನ್ ಎಂಬ ದ್ರವ್ಯವಿದ್ದು, ಅದು ಚರ್ಮವನ್ನು ಬೆಳಕಿಗೆ ತೀಕ್ಷ್ಣವಾಗಿ ಸ್ಪಂದಿಸುವಂತೆ ಮಾಡುವುದೆಂಬುದು ಈಗ ಸಿದ್ಧವಾಗಿದೆ. ಅಳತೆ ಮೀರಿದರೆ ಚರ್ಮವು ಸುಟ್ಟು ಬೊಬ್ಬೆಯೇಳುವುದು. ಯಕೃತ್ತಿಗೆ ಹಾನಿಯಾದ ನಿದರ್ಶನಗಳೂ ಉಂಟು. 'ಬಲಕ್ಕೆ ತಕ್ಕಷ್ಟು' ಎಂಬ ಒಂದು ನಿಯಮದಲ್ಲಿ ವ್ಯಕ್ತಿಭೇದದ ತತ್ತ್ವವೆಲ್ಲವೂ ಅಡಗಿದೆ. ತೊನ್ನನ್ನು ಗುಣಪಡಿಸುವೆವೆಂದು ಜಾಹೀರಾತು ಕೊಡುವುದನ್ನು ೧೯೫೪ರ ಶಾಸನವು ನಿಷೇಧಿಸಿರುವುದು ಉಚಿತವೇ ಆಗಿದೆ.

ಕನ್ನಡದ ವೈದ್ಯಗ್ರಂಥಕಾರರೂ ಈ ತತ್ತ್ವವನ್ನು ಅರಿತಿದ್ದರು. ಸುಮಾರು ೧೦೨೫ರ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಸುಗಂಧದ್ರವ್ಯ, ಪಾಕ, ವೈದ್ಯಗಳು ಒಂದೇ ಗ್ರಂಥದಲ್ಲಿ ಬಂದಿರುವುದು, ಮೈಯ ಆರೈಕೆಯನ್ನು ದಿನಚರಿಯಿಂದ ಬೇರ್ಪಡಿಸದ ದೃಷ್ಟಿಗೆ ಸಾಕ್ಷಿ. ಸುಮಾರು ೧೧೫೦ರಲ್ಲಿದ್ದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿ, ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನು ವಿಧಿಸಿದನು. ರೋಗಿಯ ಆಚಾರವೂ ಔಷಧದ ಆಯ್ಕೆಯಲ್ಲಿ ಗಣ್ಯವೆಂಬುದು ಇದರಿಂದ ತಿಳಿದುಬರುವುದು.

ಇನ್ನುಳಿದುದು ಮೂಲಿಕೆಗಳ ಹೆಸರು. ಕೂದಲಿಗೆ ಹಚ್ಚುವ ಎಣ್ಣೆಗೆ 'ಬ್ರಾಹ್ಮಿ'ಯನ್ನು ಹಾಕಬೇಕೆಂದರೆ ಒಬ್ಬರು ಒಂದೆಲಗವನ್ನು ತರುವರು, ಇನ್ನೊಬ್ಬರು ನೀರುಬ್ರಾಹ್ಮಿಯನ್ನು. ಇವೆರಡೂ ಬೇರೆ ಕುಲದ ಗಿಡಗಳು. ಭೃಂಗರಾಜವೆಂದರೆ ಬಿಳಿಹೂವಿನ ಗರುಗವೂ ಆಗಬಹುದು, ಹಳದಿಹೂವಿನದೂ ಆಗಬಹುದು. ರೋಗಿಯನ್ನು ಎಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದರೂ ಗಿಡವೇ ಬೇರೆಯಾದರೆ ಫಲವೇನು? ೧೯೯೩ರಲ್ಲಿ ಸ್ಥಾಪಿತವಾಗಿ, ಈಗ ಯಲಹಂಕದ ಬಳಿಯ ಜಾರಕಬಂಡೆ ಕಾವಲಿನಲ್ಲಿರುವ ಸ್ಥಳೀಯ ಆರೋಗ್ಯ ಪರಂಪರೆಗಳ ಪುನರುಜ್ಜೀವನ ಪ್ರತಿಷ್ಠಾನವು ಔಷಧಿಸಸ್ಯಗಳ ಒಣಮಾದರಿಗಳನ್ನೂ ದೇಶಭಾಷೆಗಳಲ್ಲಿನ ಅವುಗಳ ಹೆಸರುಗಳನ್ನೂ ಸಂಗ್ರಹಿಸಿರುವುದು ಈ ಕಾರಣದಿಂದ ಅಮೂಲ್ಯವಾದುದು. ಅದೇ ಆವರಣದಲ್ಲಿ ಆಯುರ್ವೇದದ ಚಿಕಿತ್ಸಾಲಯವೂ ಇದೆ.

ಪ್ರಕೃತಿಭೇದಕ್ಕೆ ದೇಹದಲ್ಲಿ ಆಧಾರವುಂಟೇ ಎಂಬುದನ್ನು ಹೈದರಾಬಾದಿನ ವಿಜ್ಞಾನಿಗಳು ೨೦೧೫ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಪರೀಕ್ಷಿಸಿತು. ವೈದ್ಯರು ಪರೀಕ್ಷಿಸಿದ ೩,೪೧೬ ಆರೋಗ್ಯವಂತ ಪುರುಷರಲ್ಲಿ ಪ್ರಕೃತಿಯು ಸ್ಪಷ್ಟವಾಗಿದ್ದ ೨೬೨ ಮಂದಿಯನ್ನು ಆರಿಸಿ, ಅವರ ವಂಶವಾಹಿಗಳಲ್ಲಿ ಕೆಲವು ವ್ಯತ್ಯಾಸಗಳನ್ನು ಕಾಣಲಾಯಿತು. ಇದು ವಿಚಾರಾರ್ಹವಾದ ಆರಂಭ. ಆದರೆ ಅದು ಆರೋಗ್ಯವಂತರನ್ನು ವಿಂಗಡಿಸಿದ ಪರೀಕ್ಷೆಯೇ ಹೊರತು ಚಿಕಿತ್ಸೆಯ ಫಲವನ್ನು ಅಳೆದುದಲ್ಲ.

ಆದುದರಿಂದ ವ್ಯಕ್ತಿಗೆ ತಕ್ಕ ಚಿಕಿತ್ಸೆಯೆಂಬುದು ಮೂರು ಹೆಸರುಗಳ ಹಂಚಿಕೆಯಲ್ಲ. ರೋಗ, ರೋಗಿ, ದ್ರವ್ಯ ಈ ಮೂರನ್ನೂ ತಪ್ಪಿಲ್ಲದೆ ಗುರುತಿಸುವ ಶ್ರಮ. ರೋಗಿಯನ್ನು ಗುರುತಿಸುವುದು ವೈದ್ಯರ ಕೆಲಸ. ರೋಗದ ಮತ್ತು ದ್ರವ್ಯದ ಹೆಸರುಗಳನ್ನು ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಸಂಗ್ರಹಿಸಿ, ಅರ್ಥನಿರ್ಣಯ ಮಾಡಿ ಕೋಶಗಳಲ್ಲಿ ಸೇರಿಸುವುದು ಕನ್ನಡ ವಿದ್ವಾಂಸರ ಕೆಲಸ. ಎರಡನೆಯದು ನಡೆಯದಿದ್ದರೆ ಮೊದಲನೆಯದು ಸಾರ್ಥಕವಾಗಲಾರದು.