ಹಳೆಯ ಕಾರಿಗೆ ಹೊಸ ಹಾಡು

ಮಾಟುಂಗದ ನಮ್ಮ ಮಿತ್ರರೊಬ್ಬರು ತಂದೆಯವರ ನೆನಪಿಗೆಂದು ಉಳಿಸಿಕೊಂಡಿರುವ 1950ರ ದಶಕದ ಮೋರಿಸ್ ಮೈನರ್ ಕಾರಿಗೆ ಈಚೆಗೆ ಹೊಸ ಸ್ಟೀರಿಯೋ ಕೂಡಿಸಿದರು. ನಾವೂ ಜೊತೆಗಿದ್ದೆವು. ಹಾಡು ಬರಲಿಲ್ಲ, ಹೊಗೆ ಬಂದಿತು.

ಕಾರಣವನ್ನು ವಾಚಕರು ಅರಿತಿರುವುದು ಲೇಸು. ಆ ಕಾರಿನಲ್ಲಿ ಬ್ಯಾಟರಿಯ ಧನ ತುದಿ ಕಾರಿನ ಒಡಲಿಗೆ ಸೇರಿರುತ್ತದೆ. ಇಂದಿನ ಸ್ಟೀರಿಯೋದ ಲೋಹದ ಪೆಟ್ಟಿಗೆಯಾದರೋ ಋಣ ತಂತಿಗೆ ಸೇರಿದುದು. ತಂತಿಗಳನ್ನು ಧನಕ್ಕೆ ಧನ, ಋಣಕ್ಕೆ ಋಣವೆಂದು ಕೂಡಿಸಿದರೂ ಪೆಟ್ಟಿಗೆಯು ಒಡಲನ್ನು ಸೋಂಕಿದೊಡನೆ ಶಾರ್ಟ್ ಸರ್ಕಿಟ್ ಆಗಿ ತಂತಿ ಸುಡುತ್ತದೆ.

ನುರಿತವರಿಂದ ಬ್ಯಾಟರಿಯ ತುದಿಗಳನ್ನು ಅದಲುಬದಲು ಮಾಡಿಸಿ, ಡೈನಮೋವನ್ನು ಅದಕ್ಕೆ ಹೊಂದಿಸಿ, ಸ್ಟೀರಿಯೋಗೆ ಪ್ರತ್ಯೇಕ ಫ್ಯೂಸ್ ಹಾಕಿಸುವುದು ಕ್ಷೇಮ. ಎಂಜಿನ್ ಮಂದವಾಗಿ ತಿರುಗುವಾಗ ಡೈನಮೋ ಬ್ಯಾಟರಿಯನ್ನು ತುಂಬಲಾರದು. ಕಾರು ನಿಂತಿರುವಾಗ ಹಾಡು ಮಿತವಾಗಿರಲಿ. ಹಿರಿಯರ ವಸ್ತುವಿಗೆ ಹೊಸತನ್ನು ಸೇರಿಸುವ ಮುನ್ನ ಅದರ ಸ್ವಭಾವವನ್ನು ಅರಿಯಬೇಕೆಂದು ನಮ್ಮ ವಿನಂತಿ.